ಮನೆಯ ತಲೆಬಾಗಿಲು: ಕೈವಾರ ಸೀಮೆಯ ಒಂದು ಚರಿತ್ರೆ

ಧರ್ಮಕೇಂದ್ರವೊಂದು ನೂರು ವರ್ಷಗಳನ್ನು ಪೂರೈಸಿದಾಗ ಅದರ ಚರಿತ್ರೆಯನ್ನು ಬರೆಯುವವರು ಸೇವೆ ಸಲ್ಲಿಸಿದ ಗುರುಗಳನ್ನೂ, ದೇವಾಲಯದ ಗೋಡೆ ಗೋಪುರಗಳನ್ನೂ, ಶಾಲೆ ಸಂಘಗಳನ್ನೂ ನೆನೆಯುವುದು ವಾಡಿಕೆ. ಅದು ಆಗಲೇಬೇಕಾದ ಕಾರ್ಯ. ಆದರೆ ಈ ನೂರು ವರ್ಷಗಳ ಕಾಲ ದೇವಾಲಯದ ಗಂಟೆಯ ಸದ್ದು ಕೇಳಿ ಜನರು ಯಾವ ಬಾಗಿಲಿನಿಂದ ಹೊರಟು ಬಂದರು, ಬಲಿಪೂಜೆ ಮುಗಿಸಿ ಯಾವ ಬಾಗಿಲೊಳಗೆ ಹಿಂದಿರುಗಿದರು ಎಂಬುದನ್ನು ಯಾರೂ ಬರೆದಿಡುವುದಿಲ್ಲ. ಹೆಣ್ಣುಮಗಳು ಮದುವೆಯಾಗಿ ದಾಟಿದ ಹೊಸ್ತಿಲು, ಹಿರಿಯರ ಶವಪೆಟ್ಟಿಗೆ ಹೊರಬಂದ ಬಾಗಿಲು, ಕ್ರಿಸ್ತಜಯಂತಿಯ ನಕ್ಷತ್ರವನ್ನು ತೂಗುಹಾಕಿದ ಮೊಳೆ, ಇವೂ ಧರ್ಮಕೇಂದ್ರದ ಚರಿತ್ರೆಯೇ ಅಲ್ಲವೆ?

ಇದನ್ನು ಬರೆಯಲು ಕಾರಣವೂ ಒಂದುಂಟು. ನಮ್ಮ ಸೀಮೆಯಲ್ಲಿ ಈಗ ಹಳೆಯ ಮನೆಗಳನ್ನು ಕೆಡವಿ ಹೊಸ ಮನೆಗಳನ್ನು ಕಟ್ಟುವ ಕಾಲ. ಮುಂಬಾಗಿಲು ಹೇಗಿರಬೇಕೆಂಬ ಚರ್ಚೆ ಮನೆಮನೆಯಲ್ಲಿಯೂ ನಡೆಯುತ್ತಿದೆ. ತಾತ ಮುತ್ತಾತಂದಿರ ಕದಗಳು ಗುಜರಿಯವರ ಗಾಡಿಯನ್ನೇರುತ್ತಿವೆ. ಕಳೆದುಕೊಳ್ಳುವ ಮೊದಲು ಒಮ್ಮೆ ಕಣ್ತುಂಬ ನೋಡೋಣ ಎಂಬುದೇ ನಮ್ಮ ಉದ್ದೇಶ.

ಏಕಚಕ್ರಪುರದ ಬಾಗಿಲುಗಳು

ಚಿಂತಾಮಣಿ ತಾಲ್ಲೂಕಿನ ಕೈವಾರವೇ ಮಹಾಭಾರತದ ಏಕಚಕ್ರಪುರವೆಂಬುದು ಇಲ್ಲಿಯ ಜನರ ನಂಬಿಕೆ. ಬೆಟ್ಟದಲ್ಲಿ ವಾಸವಾಗಿದ್ದ ಬಕಾಸುರನಿಗೆ ಊರಿನ ಪ್ರತಿ ಮನೆಯಿಂದಲೂ ಸರದಿಯಂತೆ ಬಂಡಿ ಅನ್ನವೂ ಒಬ್ಬ ಮನುಷ್ಯನೂ ಹೋಗಬೇಕಾಗಿತ್ತಂತೆ. ಸರದಿ ಬಂದ ಮನೆಯ ಬಾಗಿಲಲ್ಲಿ ಅಳುವನ್ನು ಕೇಳಿದ ಕುಂತಿ, ತಾನು ಆಶ್ರಯ ಪಡೆದ ಮನೆಯವರಿಗೆ ಬದಲಾಗಿ ತನ್ನ ಮಗನಾದ ಭೀಮನನ್ನೇ ಕಳುಹಿಸಿದಳೆಂಬ ಕಥೆ ಎಲ್ಲರಿಗೂ ತಿಳಿದದ್ದೇ. ಅತಿಥಿಗೆ ತೆರೆದ ಬಾಗಿಲು ಕೊನೆಗೆ ಮನೆಯನ್ನೇ ಕಾಯಿತು ಎಂಬುದು ಇದರ ಸಾರ. ಯಾವ ಧರ್ಮದವರಾದರೂ ಒಪ್ಪಬೇಕಾದ ಮಾತಿದು.

ಇದೇ ಊರಿನ ಯೋಗಿ ನಾರೇಯಣರು, ಅಂದರೆ ನಮ್ಮ ಜನರ ಬಾಯಲ್ಲಿ ಕೈವಾರ ತಾತಯ್ಯನವರು, 1726ರಲ್ಲಿ ಹುಟ್ಟಿ 1836ರವರೆಗೆ ಬಾಳಿದರೆಂದು ಹೇಳುತ್ತಾರೆ. ಅವರು ಮೊದಲು ಬಳೆಗಾರರಾಗಿದ್ದರು. ಬಳೆಯ ಮಲಾರವನ್ನು ಹೆಗಲಿಗೇರಿಸಿ ಊರೂರು ಸುತ್ತಿದವರಿಗೆ ಬಾಗಿಲುಗಳ ಗುಟ್ಟು ತಿಳಿದಿರುವಷ್ಟು ಬೇರಾರಿಗೂ ತಿಳಿದಿರಲಾರದು. ಬಳೆಗಾರ ಒಳಗೆ ಹೋಗುವವನಲ್ಲ, ಬೀದಿಯಲ್ಲಿ ನಿಲ್ಲುವವನೂ ಅಲ್ಲ. ಜಗಲಿಯ ಮೇಲೆ ಕುಳಿತು ಮನೆಯ ಹೆಂಗಸರ ಸುಖದುಃಖ ಕೇಳುವವನು. ತಾತಯ್ಯನವರು ತೆಲುಗು ಕನ್ನಡ ಎರಡರಲ್ಲಿಯೂ ತತ್ತ್ವಪದಗಳನ್ನು ರಚಿಸಿದರು. ಇಂದಿಗೂ ಈ ಸೀಮೆಯಲ್ಲಿ ಒಂದೇ ಹೊಸ್ತಿಲನ್ನು ಒಬ್ಬರು ಹೊಸ್ತಿಲೆಂದರೆ ಪಕ್ಕದವರು ಗಡಪ ಎನ್ನುತ್ತಾರೆ. ಭಾಷೆ ಬೇರೆಯಾದರೂ ದಾಟುವ ಕಾಲು ಒಂದೇ.

ಹಳೆಯ ಮನೆ, ಹಳೆಯ ಕದ

ಕೈವಾರ, ಚಿಂತಾಮಣಿ, ಶಿಡ್ಲಘಟ್ಟ, ಚಿಕ್ಕಬಳ್ಳಾಪುರದ ಬಯಲು ಕಲ್ಲಿಗೆ ಸಿರಿವಂತ, ಮರಕ್ಕೆ ಬಡವ. ಮಲೆನಾಡಿನವರು ಮನೆಯ ಮುಂದಿನ ಕಾಡಿನಿಂದ ಮರ ತಂದರೆ, ನಮ್ಮವರು ಬೆಟ್ಟದಿಂದ ಚಪ್ಪಡಿ ತಂದರು. ಆದುದರಿಂದ ಇಲ್ಲಿಯ ಹಳೆಯ ಮನೆಗಳಲ್ಲಿ ಕಲ್ಲಿನ ಕಂಬ, ಕಲ್ಲಿನ ಚಪ್ಪಡಿಯ ಮಾಳಿಗೆ, ಮಣ್ಣಿನ ದಪ್ಪ ಗೋಡೆ ಸಾಮಾನ್ಯ. ಮರವನ್ನು ಲೆಕ್ಕವಿಟ್ಟು ಬಳಸುತ್ತಿದ್ದರು. ಇದ್ದುದರಲ್ಲಿ ಉತ್ತಮವಾದದ್ದನ್ನು ತಲೆಬಾಗಿಲಿಗೆ ಮೀಸಲಿಡುತ್ತಿದ್ದರು. ಉಳ್ಳವರು ತೇಗವನ್ನೋ ಹೊನ್ನೆಯನ್ನೋ ದೂರದಿಂದ ತರಿಸಿದರು. ಇಲ್ಲದವರು ಹಿತ್ತಲಿನ ಬೇವು, ಹಲಸುಗಳಲ್ಲಿ ತೃಪ್ತರಾದರು.

ಆ ಬಾಗಿಲುಗಳು ತಗ್ಗಾಗಿದ್ದವು. ಎತ್ತರದ ಮನುಷ್ಯ ತಲೆ ಬಾಗಿಸದೆ ಒಳಗೆ ಹೋಗುವಂತಿರಲಿಲ್ಲ. ಗುರುಹಿರಿಯರಿಗೆ ಬಾಗಲಿ ಎಂದೇ ಹೀಗೆ ಮಾಡಿದ್ದಾರೆಂದು ಅಜ್ಜಿಯಂದಿರು ಹೇಳುತ್ತಿದ್ದರು. ಮರ ಉಳಿತಾಯವಾಗುತ್ತಿತ್ತು, ಬೇಸಗೆಯ ಝಳ ಒಳಗೆ ನುಗ್ಗುತ್ತಿರಲಿಲ್ಲ, ನುಗ್ಗಿ ಬರುವ ಕಳ್ಳನಿಗೆ ತಲೆ ತಗ್ಗಿಸದೆ ಗತಿಯಿರಲಿಲ್ಲ ಎಂಬ ಕಾರಣಗಳೂ ಇದ್ದವು. ಕಬ್ಬಿಣದ ಕೀಲುಗಳಿಲ್ಲದ ಕಾಲದಲ್ಲಿ ಕದದ ಒಂದು ಅಂಚಿನ ಮೇಲೂ ಕೆಳಗೂ ಮರದಲ್ಲಿಯೇ ಗೂಟಗಳನ್ನು ಬಿಟ್ಟು, ಅವು ಹೊಸ್ತಿಲಿನ ಹಾಗೂ ಮೇಲ್ದೂಲದ ಗುಳಿಗಳಲ್ಲಿ ತಿರುಗುವಂತೆ ಮಾಡುತ್ತಿದ್ದರು. ರಾತ್ರಿ ಅದು ಕಿರ್ರೆಂದು ಕೂಗಿದರೆ ಮನೆಯವರೆಲ್ಲ ಎಚ್ಚರ. ಬೇರೆ ಕಾವಲು ಬೇಕಿರಲಿಲ್ಲ. ಒಳಗಿನಿಂದ ಅಡ್ಡಲಾಗಿ ಹಾಕುವ ಅಗುಳಿಯೇ ಬೀಗ.

ಇನ್ನೊಂದು ಮುಖ್ಯ ಸಂಗತಿ. ಅಂದಿನವರು ಗೋಡೆ ಕಟ್ಟಿ ಆಮೇಲೆ ಬಾಗಿಲು ಕೂಡಿಸುತ್ತಿರಲಿಲ್ಲ. ಪಾಯ ಮುಗಿದೊಡನೆ ಬಾಗಿಲವಾಡವನ್ನು ನಿಲ್ಲಿಸಿ, ಅದರ ಆಚೆ ಈಚೆ ಗೋಡೆಯನ್ನು ಎಬ್ಬಿಸುತ್ತಿದ್ದರು. ಬಾಗಿಲಿಗಾಗಿ ಗೋಡೆಯೇ ಹೊರತು ಗೋಡೆಗಾಗಿ ಬಾಗಿಲಲ್ಲ. ಬಾಗಿಲು ನಿಲ್ಲಿಸುವ ದಿನ ಬಂಧುಬಳಗವನ್ನು ಕರೆದು ಸಂಭ್ರಮಿಸುತ್ತಿದ್ದುದರ ಕಾರಣ ಇದೇ. ಅಂದು ಮನೆ ಹುಟ್ಟಿತೆಂದು ಅರ್ಥ.

ಹೊಸ್ತಿಲಿನಾಚೆ ನಿಂತವರು

ಚರಿತ್ರೆ ಬರೆಯುವವರು ಸಿಹಿಯನ್ನು ಮಾತ್ರ ಬರೆಯಬಾರದು. ಇದೇ ತಲೆಬಾಗಿಲು ಎಷ್ಟೋ ಜನರಿಗೆ ತೆರೆಯಲೇ ಇಲ್ಲ. ಮನೆಗೆ ಕಲ್ಲು ಹೊತ್ತವರು, ಮಣ್ಣು ತುಳಿದವರು, ಬಾಗಿಲು ನಿಂತ ಮೇಲೆ ಅದೇ ಹೊಸ್ತಿಲನ್ನು ದಾಟುವಂತಿರಲಿಲ್ಲ. ಅವರ ಪಾಲಿನ ಮುದ್ದೆ ಅಂಗಳಕ್ಕೆ ಬರುತ್ತಿತ್ತು, ನೀರನ್ನು ಎತ್ತರದಿಂದ ಬೊಗಸೆಗೆ ಸುರಿಯುತ್ತಿದ್ದರು. ದಕ್ಷಿಣ ಭಾರತದ ಕ್ರೈಸ್ತರಲ್ಲಿ ಅನೇಕ ಕುಟುಂಬಗಳ ಪೂರ್ವಿಕರು ಹಾಗೆ ಹೊರಗೆ ನಿಂತವರೇ ಎಂಬುದನ್ನು ಮುಚ್ಚಿಡುವ ಅಗತ್ಯವಿಲ್ಲ. 1950ರಲ್ಲಿ ಜಾರಿಗೆ ಬಂದ ನಮ್ಮ ಸಂವಿಧಾನ ಹದಿನೇಳನೆಯ ಅನುಚ್ಛೇದದಲ್ಲಿ ಅಸ್ಪೃಶ್ಯತೆಯನ್ನು ನಿಷೇಧಿಸಿತು. ಆದರೆ ಕಾನೂನು ಒಂದು ದಿನದಲ್ಲಿ ಆಗುತ್ತದೆ, ಕದ ತೆರೆಯಲು ತಲೆಮಾರುಗಳು ಬೇಕಾಗುತ್ತವೆ.

ಧರ್ಮಸಭೆಯೂ ಈ ದೋಷದಿಂದ ಪೂರ್ಣ ಮುಕ್ತವಾಗಿರಲಿಲ್ಲ. ತಮಿಳುನಾಡಿನ ವಡಕ್ಕನ್‌ಕುಳಂನ ದೇವಾಲಯದಲ್ಲಿ ಒಂದೇ ಪೀಠದ ಮುಂದೆ ಜಾತಿಗಳು ಬೇರೆಬೇರೆ ಕೂರುವಂತೆ ಅಂಗಣವನ್ನೇ ಎರಡಾಗಿ ಕಟ್ಟಲಾಗಿತ್ತು. ಆ ತಡೆಗೋಡೆಯನ್ನು 1910ರಲ್ಲಿ ಯೇಸುಸಭೆಯ ಗುರುಗಳು ತೆಗೆಸಿದರು. ಗೋಡೆ ಬಿದ್ದಾಗ ಗಲಭೆಯಾಯಿತೇ ಹೊರತು ಸಂತೋಷವಾಗಲಿಲ್ಲ. ತಾನೇ ಬಾಗಿಲೆಂದು ಹೇಳಿಕೊಂಡ ಸ್ವಾಮಿಯ ಮಂದಿರದಲ್ಲಿ ಹೀಗಾಯಿತೆಂದು ನೆನೆದರೆ ತಲೆ ತಾನಾಗಿ ಬಾಗುತ್ತದೆ. ಅದಕ್ಕೆ ತಗ್ಗು ಬಾಗಿಲು ಬೇಕಾಗಿಲ್ಲ.

ಶುಭಸಂದೇಶ ಬಂದ ಬಾಗಿಲು

ಈ ಸೀಮೆಗೆ ಕಥೋಲಿಕ ಧರ್ಮ ಬಂದದ್ದು ನಿನ್ನೆ ಮೊನ್ನೆಯಲ್ಲ. ಹದಿನೆಂಟನೆಯ ಶತಮಾನದ ಆರಂಭದಲ್ಲಿಯೇ ಫ್ರೆಂಚ್ ಯೇಸುಸಭೆಯ ಕರ್ನಾಟಕ ಮಿಷನ್ನಿನ ಗುರುಗಳು ಚಿಕ್ಕಬಳ್ಳಾಪುರದವರೆಗೆ ಬಂದಿದ್ದರು. ಅವರು ಇಲ್ಲಿಂದ ಬರೆದ ಪತ್ರಗಳು ಫ್ರಾನ್ಸ್ ದೇಶದಲ್ಲಿ ಅಚ್ಚಾಗಿವೆ. ಅವುಗಳಲ್ಲಿ ಈ ಊರಿನ ಹೆಸರು ಚಿನ್ನಬಳ್ಳಾಪುರವೆಂದಿದೆ. ಸಂನ್ಯಾಸಿಗಳ ಉಡುಪು ಧರಿಸಿ, ಮಾಂಸ ತೊರೆದು, ತೆಲುಗು ಕಲಿತು ಬಂದ ಆ ಗುರುಗಳು ಮೊದಲು ನಿಂತದ್ದು ಯಾರದೋ ಮನೆಯ ಬಾಗಿಲಲ್ಲಿ. ಯಾರೋ ಒಬ್ಬರು ಅಗುಳಿ ತೆಗೆದರು. ಅವರ ಹೆಸರು ಯಾವ ಪುಸ್ತಕದಲ್ಲಿಯೂ ಇಲ್ಲ. ಆದರೆ ನಮ್ಮ ವಿಶ್ವಾಸದ ಚರಿತ್ರೆ ಆ ಅಗುಳಿಯ ಸದ್ದಿನಿಂದಲೇ ಆರಂಭವಾಗುತ್ತದೆ.

1773ರಲ್ಲಿ ಯೇಸುಸಭೆ ರದ್ದಾದ ಬಳಿಕ 1776ರಲ್ಲಿ ಈ ಕಾರ್ಯ ಪ್ಯಾರಿಸ್ ಮಿಷನ್ ಸಭೆಯ ಗುರುಗಳ ಕೈಗೆ ಬಂತು. 1886ರಲ್ಲಿ ಮೈಸೂರು ಧರ್ಮಪ್ರಾಂತವೂ, 1940ರಲ್ಲಿ ಬೆಂಗಳೂರು ಧರ್ಮಪ್ರಾಂತವೂ ಸ್ಥಾಪಿತವಾದವು. ಬೆಂಗಳೂರು 1953ರಲ್ಲಿ ಮಹಾಧರ್ಮಪ್ರಾಂತವಾಯಿತು.

ಈ ನಡುವೆ ಬಾಗಿಲುಗಳು ಎರಡು ದೊಡ್ಡ ಸಂಕಟಗಳನ್ನು ಕಂಡವು. ಮೊದಲನೆಯದು 1876ರಿಂದ 1878ರವರೆಗಿನ ಮಹಾಕ್ಷಾಮ. 1871ರ ಜನಗಣತಿಯಲ್ಲಿ 50 ಲಕ್ಷಕ್ಕೂ ಮೇಲಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರಲ್ಲಿ ಸುಮಾರು 42 ಲಕ್ಷಕ್ಕೆ ಇಳಿಯಿತು. ಮಕ್ಕಳ ಹೊಟ್ಟೆಗಾಗಿ ಮನೆಯ ಮರಮುಟ್ಟನ್ನೇ ಮಾರಿದವರುಂಟು. ಕದ ಕಿತ್ತ ಬಾಗಿಲವಾಡಕ್ಕಿಂತ ದೊಡ್ಡ ದಾರಿದ್ರ್ಯದ ಚಿತ್ರ ಇನ್ನೊಂದಿಲ್ಲ. ಎರಡನೆಯದು 1898ರಲ್ಲಿ ಬೆಂಗಳೂರನ್ನು ಹೊಕ್ಕು ಸಂಸ್ಥಾನದಲ್ಲೆಲ್ಲ ಹಬ್ಬಿದ ಪ್ಲೇಗು. ಜನರು ಬಾಗಿಲಿಗೆ ಬೀಗ ಹಾಕಿ ಊರಾಚೆಯ ಗುಡಿಸಿಲುಗಳಲ್ಲಿ ತಿಂಗಳುಗಟ್ಟಲೆ ಕಳೆದರು. ಕತ್ತಲೆಯ ಮನೆಯಲ್ಲಿ ರೋಗ ನೆಲಸುತ್ತದೆಂಬ ಅರಿವು ಆಗ ಹರಡಿತು. ಗಾಳಿ ಬೆಳಕಿಗಾಗಿ ಬಾಗಿಲುಗಳು ಎತ್ತರವಾಗತೊಡಗಿದವು, ಕಿಟಕಿಗಳು ದೊಡ್ಡವಾದವು.

ನಮ್ಮ ಕಾಲದಲ್ಲಿ ರೇಷ್ಮೆ ಹುಳು ಸಾಕುವವರ ಬಾಗಿಲಿಗೂ ಒಂದು ಸಂಕಟ ಬಂತು. 1980ರಲ್ಲಿ ಊಜಿ ನೊಣ ಕರ್ನಾಟಕವನ್ನು ಪ್ರವೇಶಿಸಿ ಹುಳುಗಳನ್ನು ನಾಶಮಾಡತೊಡಗಿದಾಗ, ಶಿಡ್ಲಘಟ್ಟ ಚಿಂತಾಮಣಿಗಳ ಹುಳುಮನೆಗಳಿಗೆ ನೈಲಾನ್ ಬಲೆಯ ಎರಡನೆಯ ಕದ ಬಂತು. ಹೊಸ್ತಿಲಲ್ಲಿ ಸುಣ್ಣದ ಪುಡಿ ಹರಡಿ, ಕಾಲು ಶುದ್ಧಮಾಡಿಕೊಂಡು ಒಳಗೆ ಹೋಗುವ ಶಿಸ್ತೂ ಬಂತು. ಹುಳುವಿನ ಮನೆಗೆ ತೋರುವ ಎಚ್ಚರವನ್ನು ಮನಸ್ಸಿನ ಬಾಗಿಲಿಗೂ ತೋರಿದರೆ ಎಷ್ಟು ಚೆನ್ನ!

ಪವಿತ್ರ ಗ್ರಂಥದ ಬಾಗಿಲುಗಳು

ಇಸ್ರಯೇಲರು ಈಜಿಪ್ಟಿನಿಂದ ಹೊರಟ ಇರುಳು ಪಾಸ್ಕದ ಕುರಿಮರಿಯ ರಕ್ತವನ್ನು ಬಾಗಿಲಿನ ಎರಡು ನಿಲುವುಗಳಿಗೂ ಮೇಲ್ಪಟ್ಟಿಗೂ ಬಳಿದರು. ಅವರ ಬಿಡುಗಡೆ ಅರಮನೆಯಲ್ಲಿ ಆರಂಭವಾಗಲಿಲ್ಲ, ಗುಲಾಮರ ಗುಡಿಸಿಲ ಬಾಗಿಲಲ್ಲಿ ಆರಂಭವಾಯಿತು. ಯೆಹೂದ್ಯರು ಇಂದಿಗೂ ದೇವರ ಆಜ್ಞೆಯ ಬರಹವುಳ್ಳ ಪುಟ್ಟ ಕರಂಡಕವನ್ನು ಬಾಗಿಲಿನ ನಿಲುವಿಗೆ ಅಂಟಿಸುತ್ತಾರೆ. ಸಂತ ಯೊವಾನ್ನರ ಶುಭಸಂದೇಶದ ಹತ್ತನೆಯ ಅಧ್ಯಾಯದಲ್ಲಿ ಯೇಸುಸ್ವಾಮಿ ತಮ್ಮನ್ನು ಕುರಿಗಳ ಬಾಗಿಲೆಂದು ಕರೆದುಕೊಂಡರು. ಪ್ರಕಟನಾ ಗ್ರಂಥದಲ್ಲಿ ಅವರೇ ಹೊರಗೆ ನಿಂತು ಕದ ತಟ್ಟುತ್ತಾರೆ. ಇಂಗ್ಲೆಂಡಿನ ಚಿತ್ರಕಾರ ಹೋಲ್ಮನ್ ಹಂಟ್ 1853ರಲ್ಲಿ ಮುಗಿಸಿದ ಪ್ರಸಿದ್ಧ ಚಿತ್ರವನ್ನು ನಮ್ಮ ಎಷ್ಟೋ ಮನೆಗಳ ಗೋಡೆಗಳಲ್ಲಿ ಕಾಣುತ್ತೇವೆ. ಸ್ವಾಮಿ ದೀಪ ಹಿಡಿದು ನಿಂತ ಆ ಬಾಗಿಲಿಗೆ ಹೊರಗೆ ಹಿಡಿಯಿಲ್ಲ, ಅದನ್ನು ಒಳಗಿನವರೇ ತೆರೆಯಬೇಕು.

ನಮ್ಮ ಸ್ವಾಮಿ ಬೆಳೆದದ್ದೂ ಬಡಗಿಯ ಮನೆಯಲ್ಲಿ. ಯೇಸು ನೇಗಿಲು ನೊಗಗಳನ್ನು ಮಾಡುತ್ತಿದ್ದರೆಂದು ಎರಡನೆಯ ಶತಮಾನದ ಸಂತ ಜಸ್ಟಿನರು ತಿಳಿಸುತ್ತಾರೆ. ನೊಗ ಮಾಡಿದ ಕೈ ನೆರೆಯವರ ಬಾಗಿಲನ್ನೂ ಸರಿಪಡಿಸಿದ್ದೀತು. 1955ರಲ್ಲಿ ಹನ್ನೆರಡನೆಯ ಪಿಯುಸ್ ಜಗದ್ಗುರುಗಳು ಮೇ 1ನ್ನು ಕಾರ್ಮಿಕರಾದ ಸಂತ ಜೋಸೆಫರ ಹಬ್ಬವೆಂದು ಸಾರಿದರು. ಬಾಗಿಲು ಮಾಡುವ ಆಚಾರಿಯನ್ನು ಕಂಡಾಗ ನಾವು ಸಂತ ಜೋಸೆಫರನ್ನು ನೆನೆದರೆ, ಕೂಲಿಯಲ್ಲಿ ಚೌಕಾಸಿ ಮಾಡುವ ನಾಲಗೆ ಸ್ವಲ್ಪ ಹಿಡಿತಕ್ಕೆ ಬರಬಹುದು.

ರೋಮಿನ ಸಂತ ಪೇತ್ರರ ಮಹಾದೇವಾಲಯದ ಪವಿತ್ರ ದ್ವಾರದ ಕಥೆಯೂ ಬೋಧಪ್ರದವಾದದ್ದು. ಜುಬಿಲಿ ವರ್ಷಗಳಲ್ಲಿ ಮಾತ್ರ ತೆರೆಯುವ ಆ ಬಾಗಿಲಿನ ಇಂದಿನ ಕಂಚಿನ ಕದಗಳನ್ನು ವೀಕೋ ಕೊನ್ಸೋರ್ತಿ ಎಂಬ ಶಿಲ್ಪಿ 1950ರ ಜುಬಿಲಿಗಾಗಿ ರೂಪಿಸಿದರು. ಅವು ಮಹಾಯುದ್ಧದಿಂದ ತಮ್ಮ ನಾಡು ಪಾರಾದುದಕ್ಕಾಗಿ ಸ್ವಿಟ್ಜರ್ಲೆಂಡಿನ ಕಥೋಲಿಕರು ಕೊಟ್ಟ ಕೃತಜ್ಞತೆಯ ಕಾಣಿಕೆ. ಅವುಗಳ ಮೇಲೆ ಪಾಪ ಮತ್ತು ಕ್ಷಮೆಯ ಕಥೆ ಹೇಳುವ 16 ಫಲಕಗಳಿವೆ. ಹಿಂದೆ ಈ ದ್ವಾರವನ್ನು ಇಟ್ಟಿಗೆಯಿಂದ ಮುಚ್ಚಿ, ಜುಬಿಲಿ ಬಂದಾಗ ಗೋಡೆ ಒಡೆದು ತೆರೆಯುತ್ತಿದ್ದರು. 1974ರ ಡಿಸೆಂಬರ್ 24ರಂದು ಆರನೆಯ ಪೌಲ್ ಜಗದ್ಗುರುಗಳು ತೆರೆಯುವಾಗ ಗೋಡೆಯ ಚೂರುಗಳು ಅವರ ಹತ್ತಿರವೇ ಬಿದ್ದವು. 2024ರ ಡಿಸೆಂಬರ್ 24ರಂದು ಫ್ರಾನ್ಸಿಸ್ ಜಗದ್ಗುರುಗಳು ಗಾಲಿಕುರ್ಚಿಯಲ್ಲಿ ಕುಳಿತು ಅದೇ ಕದವನ್ನು ತಟ್ಟಿ ತೆರೆದರು. ಜಗದ್ಗುರುವೂ ತಟ್ಟಬೇಕು, ಜಗದ್ಗುರುವೂ ಹೊಸ್ತಿಲು ದಾಟಬೇಕು.

ಹೊಸ ಬಾಗಿಲು ಆರಿಸುವವರಿಗೆ

ಹೊಸ ಮನೆ ಕಟ್ಟುವ ಧರ್ಮಕೇಂದ್ರದ ಬಂಧುಗಳಿಗೆ ಪ್ರಯೋಜನವಾಗಲೆಂದು ನಾವು ಕಲಿತ ನಾಲ್ಕು ಮಾತುಗಳನ್ನು ಇಲ್ಲಿ ಹೇಳುತ್ತೇವೆ. ಕಲಿತದ್ದು ಪೆಟ್ಟು ತಿಂದು. ನಾವು ಮನೆ ಕಟ್ಟಿಸಿದಾಗ ಪಟ್ಟಣದ ಒಂದು ಮರದ ಅಡ್ಡೆಯಲ್ಲಿ, ಒಣಗಿದ ಮರವೆಂಬ ಮಾತನ್ನು ನಂಬಿ ಹಲಗೆಗಳನ್ನು ಕೊಂಡೆವು. ಮನೆ ಮಂತ್ರಿಸಿದ ದಿನ ಕದ ಕನ್ನಡಿಯಂತೆ ಹೊಳೆಯಿತು. ಮೊದಲ ಬೇಸಗೆ ಕಳೆಯುವಷ್ಟರಲ್ಲಿ ಅದರ ಮೇಲ್ಮೂಲೆ ಅರ್ಧ ಅಂಗುಲ ಆಚೆಗೆ ಬಾಗಿ, ಚಿಲಕ ತನ್ನ ಗುಳಿಯನ್ನು ಸೇರದಾಯಿತು. ನಮ್ಮೂರಿನ ವೃದ್ಧ ಆಚಾರಿಯನ್ನು ಕರೆಸಿದೆವು. ಅವರು ಕದವನ್ನು ಬೆರಳಿನಿಂದ ತಟ್ಟಿ, “ಸ್ವಾಮಿ, ಈ ಮರ ಇನ್ನೂ ನೀರಿನ ಋಣ ತೀರಿಸಿಲ್ಲ, ನೀವು ಅವಸರ ಮಾಡಿದಿರಿ” ಎಂದರು. ಆ ಮಾತು ಕದಕ್ಕೆ ಮಾತ್ರ ಹೇಳಿದ್ದಲ್ಲವೆಂದು ನಮಗೆ ಅನೇಕ ಸಲ ಅನ್ನಿಸಿದೆ.

ಮರದ ತೇವ ನೂರಕ್ಕೆ ಹತ್ತು ಹನ್ನೆರಡರಷ್ಟಕ್ಕೆ ಇಳಿದಿದ್ದರೆ ಮಾತ್ರ ನಮ್ಮ ಒಣ ಹವೆಯಲ್ಲಿ ಕದ ನೆಟ್ಟಗೆ ನಿಲ್ಲುತ್ತದೆ. ತೇವ ಅಳೆಯುವ ಪುಟ್ಟ ಉಪಕರಣ ಈಗ ದೊರೆಯುತ್ತದೆ, ಕೊಳ್ಳುವ ಮುನ್ನ ಅಳೆಯಿಸಿರಿ. ತೇಗದಲ್ಲಿ ಎಣ್ಣೆಯ ಅಂಶವಿರುವುದರಿಂದ ಗೆದ್ದಲು, ಮಳೆ ಎರಡನ್ನೂ ತಡೆಯುತ್ತದೆ. ಹೊನ್ನೆ, ಬೇವು, ಹಲಸುಗಳೂ ಚೆನ್ನಾಗಿ ಒಣಗಿದ್ದರೆ ಕಡಿಮೆಯವಲ್ಲ. ಸ್ವಂತ ಹೊಲದ ಮರವೆಂದು ಕಡಿದುಬಿಡಬಾರದು. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯಿದೆಯ ಪ್ರಕಾರ ಅನೇಕ ಜಾತಿಯ ಮರಗಳಿಗೆ ಅರಣ್ಯ ಇಲಾಖೆಯ ಅನುಮತಿ ಬೇಕು. ನೀಲಗಿರಿ ಮರ ನಮ್ಮ ಬಯಲಿನಲ್ಲಿ ಹೇರಳ. ಟಿಪ್ಪುವಿನ ಕಾಲದಲ್ಲಿ, ಸುಮಾರು 1790ರಲ್ಲಿ, ನಂದಿಬೆಟ್ಟದಲ್ಲಿ ಮೊದಲು ನೆಟ್ಟರೆನ್ನುವ ಈ ಮರವನ್ನು ಹೊಸದಾಗಿ ನೆಡುವುದನ್ನು ಸರ್ಕಾರ 2017ರಲ್ಲಿ ನಿಷೇಧಿಸಿತು. ಅದು ಒಣಗುವಾಗ ತಿರುಚಿಕೊಂಡು ಸೀಳುವ ಸ್ವಭಾವದ್ದಾದ್ದರಿಂದ ತಲೆಬಾಗಿಲಿಗೆ ತಕ್ಕುದಲ್ಲ.

ಅಳತೆಯಲ್ಲಿ ಮೂರೂವರೆ ಅಡಿ ಅಗಲ, ಏಳಡಿ ಎತ್ತರ ಸಾಮಾನ್ಯ ಮನೆಗೆ ಸಾಕು. ಮಂಚವೂ ಶವಪೆಟ್ಟಿಗೆಯೂ ದಾಟುವಷ್ಟು ಅಗಲವಿರಬೇಕೆಂದು ಹಿರಿಯರು ಹೇಳುತ್ತಿದ್ದುದರಲ್ಲಿ ವಿವೇಕವಿದೆ. ಕದದ ದಪ್ಪ ಒಂದೂವರೆ ಅಂಗುಲಕ್ಕೆ ಕಡಿಮೆಯಾಗಬಾರದು. ಭಾರದ ಕದಕ್ಕೆ ಮೂರಲ್ಲ, ನಾಲ್ಕು ಹಿತ್ತಾಳೆಯ ಕೀಲುಗಳಿರಲಿ. ಚೌಕಟ್ಟು ನಿಲ್ಲಿಸುವಾಗ ತೂಗುಗುಂಡು ಹಿಡಿದು ಎರಡು ನಿಲುವುಗಳನ್ನೂ ಮುಂದಿನಿಂದಲೂ ಪಕ್ಕದಿಂದಲೂ ನೋಡಬೇಕು. ಮೂಲೆಯಿಂದ ಮೂಲೆಗೆ ದಾರ ಹಿಡಿದು ಅಳೆದರೆ ಎರಡು ಅಳತೆಗಳೂ ಒಂದೇ ಆಗಬೇಕು, ಇಲ್ಲವಾದರೆ ಚೌಕಟ್ಟು ಸೊಟ್ಟವೆಂದು ತಿಳಿಯಿರಿ. ಗೋಡೆಗೆ ತಾಗುವ ಮೈಗೆ ಡಾಂಬರು ಬಳಿದು, ಎರಡೂ ಬದಿಗೆ ಮೂರು ಮೂರು ಕಬ್ಬಿಣದ ಹಿಡಿಗಳನ್ನು ಕಾಂಕ್ರೀಟಿನಲ್ಲಿ ಹೂಳಬೇಕು. ಕದದ ಮೇಲಂಚು ಕೆಳಗಂಚುಗಳಿಗೂ ಬಣ್ಣವನ್ನೋ ಮೆರುಗೆಣ್ಣೆಯನ್ನೋ ಹಚ್ಚುವುದನ್ನು ಹಲವರು ಮರೆಯುತ್ತಾರೆ. ಮಳೆಗಾಲದ ತೇವ ಒಳಗೆ ಹೊಗುವುದು ಅಲ್ಲಿಂದಲೇ.

ದಿಕ್ಕಿನ ವಿಷಯದಲ್ಲಿ ಹೆದರಿ ಹಣ ಕಳೆದುಕೊಳ್ಳುವವರು ನಮ್ಮವರಲ್ಲಿಯೂ ಇದ್ದಾರೆ. ಬಿಸಿಲು, ಗಾಳಿ, ಮಳೆಯ ಎರಚಲು ನೋಡಿ ಬಾಗಿಲಿಡುವುದು ಬುದ್ಧಿವಂತಿಕೆ, ಅದರಾಚೆಯ ಭಯ ವಿಶ್ವಾಸಿಗೆ ತಕ್ಕುದಲ್ಲ. ಗುರುಗಳಿಂದ ಮನೆ ಮಂತ್ರಿಸಿ, ಗರಿಗಳ ಭಾನುವಾರದ ಗರಿಯ ಶಿಲುಬೆಯನ್ನು ಮೇಲ್ಪಟ್ಟಿಯಲ್ಲಿ ಸಿಕ್ಕಿಸಿದರೆ ಸಾಕು. ಮೂರು ರಾಯರ ಹಬ್ಬದಂದು ಮಂತ್ರಿಸಿದ ಸುಣ್ಣದ ಕಡ್ಡಿಯಿಂದ ಬಾಗಿಲ ಮೇಲೆ ವರ್ಷದ ಅಂಕಿಗಳನ್ನು ಬರೆದು, ಕ್ರಿಸ್ತನು ಈ ಮನೆಯನ್ನು ಆಶೀರ್ವದಿಸಲೆಂದು ಬೇಡುವ ಸಂಪ್ರದಾಯವೂ ಸುಂದರವಾದದ್ದು.

ಕೊನೆಯ ಮಾತು

ಈಗ ಉಕ್ಕಿನ ಕದಗಳು ಮರದ ಬಣ್ಣ ಹೊತ್ತು ಬರುತ್ತಿವೆ. ಗಂಟೆ ಒತ್ತಿದವರ ಮುಖ ಒಳಗಿನ ಪರದೆಯ ಮೇಲೆ ಮೂಡುತ್ತದೆ. ಭದ್ರತೆಯನ್ನು ಬೇಡವೆನ್ನುವ ಮೂಢರು ನಾವಲ್ಲ. ಮಕ್ಕಳು ದೂರದ ಊರುಗಳಲ್ಲಿರುವಾಗ ಒಂಟಿ ಮುದುಕರಿಗೆ ಗಟ್ಟಿ ಬಾಗಿಲು ಬೇಕು. ಆದರೆ ಹಿಂದೆ ಹಗಲೆಲ್ಲ ತೆರೆದಿದ್ದ ಬಾಗಿಲು ಇಂದು ಹಗಲೆಲ್ಲ ಮುಚ್ಚಿದೆ. ನೆರೆಮನೆಯ ಮುದುಕಿ ಜಾರಿ ಬಿದ್ದು ಅರ್ಧ ದಿನ ನರಳಿದರೂ ತಿಳಿಯದ ಬಾಗಿಲುಗಳು ನಮ್ಮ ಬೀದಿಗಳಲ್ಲಿವೆ. ನಂದಿದುರ್ಗದ ಕೋಟೆಗೂ ಭದ್ರವಾದ ಬಾಗಿಲುಗಳಿದ್ದವು. ಆದರೂ 1791ರ ಅಕ್ಟೋಬರಿನಲ್ಲಿ ಶತ್ರುಗಳು ಗೋಡೆಯ ಬಿರುಕಿನಿಂದ ಒಳಗೆ ನುಗ್ಗಿದರು. ನಮ್ಮ ಮನೆಗಳ ಬಿರುಕೂ ಬಾಗಿಲಲ್ಲಿಲ್ಲ, ನೆರೆಹೊರೆಯ ನಡುವೆ ಇದೆ.

ಆದುದರಿಂದ ನಮ್ಮ ಬಿನ್ನಹ ಎರಡು. ಹಳೆಯ ಮನೆಯನ್ನು ಕೆಡಹುವಾಗ ತಲೆಬಾಗಿಲನ್ನು ಗುಜರಿಗೆ ಹಾಕಬೇಡಿರಿ. ಅದನ್ನು ತೊಳೆದು, ಗೆದ್ದಲು ತಿಂದ ಭಾಗ ಕತ್ತರಿಸಿ, ಎಣ್ಣೆ ಹಚ್ಚಿ, ಹೊಸ ಮನೆಯ ಪ್ರಾರ್ಥನೆಯ ಕೋಣೆಗಾದರೂ ಕೂಡಿಸಿರಿ. ಅದು ಆಗದಿದ್ದರೆ ಅದರ ಹಲಗೆಯಿಂದ ಒಂದು ಶಿಲುಬೆಯನ್ನಾದರೂ ಮಾಡಿಸಿರಿ. ಎರಡನೆಯದು, ಶತಮಾನೋತ್ಸವದ ಈ ವರ್ಷದಲ್ಲಿ ಪ್ರತಿಯೊಂದು ಮನೆಯವರೂ ಈವರೆಗೆ ತಮ್ಮ ಹೊಸ್ತಿಲನ್ನು ದಾಟದ ಒಬ್ಬರನ್ನು, ಜಾತಿಯಿಂದಲೋ ಜಗಳದಿಂದಲೋ ಬಡತನದಿಂದಲೋ ಹೊರಗೆ ಉಳಿದ ಒಬ್ಬರನ್ನು, ಒಳಗೆ ಕರೆದು ಕೂಡಿಸಿ ಊಟವಿಕ್ಕಿರಿ.

ನಮ್ಮ ದೇವಾಲಯದ ಬಾಗಿಲು ನೂರು ವರ್ಷ ತೆರೆದಿತ್ತು. ಆ ಬಾಗಿಲನ್ನು ಹೊಕ್ಕವರು ತಮ್ಮ ಮನೆಯ ಬಾಗಿಲನ್ನು ಯಾರಿಗೆ ತೆರೆದರೆಂದು ಕಡೆಯ ದಿನ ಸ್ವಾಮಿ ಕೇಳುವರು. ಅಂದು ಕದ ತಟ್ಟುವವರು ನಾವು, ತೆರೆಯುವವರು ಅವರು. ಆ ಬಾಗಿಲು ನಮಗೆಲ್ಲರಿಗೂ ತೆರೆಯಲೆಂದು ಮಾತೆ ಮರಿಯಮ್ಮನವರ ಹಾಗೂ ಸಂತ ಜೋಸೆಫರ ಬಿನ್ನಹದ ಮೂಲಕ ಪ್ರಾರ್ಥಿಸುತ್ತೇವೆ.